ಉಡುಪಿಯ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್, ನನ್ನ ಹಠಮಾರಿ ಭುಜ

ಕಲ್ಸಂಕದಿಂದ ಸ್ವಲ್ಪ ಒಳಗೆ, ಒಂದನೇ ಮಹಡಿಯಲ್ಲಿ ಈ ಕ್ಲಿನಿಕ್ ಇದೆ. ಮೂರು ಮಂಚ, ಗೋಡೆಗೆ ಹೊಡೆದ ಮರದ ಸಣ್ಣ ಏಣಿ, ಬಾಗಿಲ ಮೇಲೆ ಕಟ್ಟಿದ ರಾಟೆ ಹಗ್ಗ, ಮೂಲೆಯಲ್ಲಿ ಕರೆಂಟ್ ಕೊಡುವ ಒಂದು ಹಳೇ ಮೆಷಿನ್. ಇಷ್ಟೇ. ದೊಡ್ಡ ಮೆಷಿನ್ ನೋಡಿ ಜಾಗ ಆರಿಸುವವರಿಗೆ ಹಿಡಿಸಲಿಕ್ಕಿಲ್ಲ. ನನಗೆ ಹಿಡಿಸಿತು.

ನಾನು ಹೈಸ್ಕೂಲ್ ಟೀಚರ್. ಐವತ್ತು ದಾಟಿದೆ, ಶುಗರ್ ಇದೆ. ಇಂಥವರನ್ನು ಕಂಡರೆ ಫ್ರೋಜನ್ ಶೋಲ್ಡರಿಗೆ, ಅಂದರೆ ಭುಜದ ಕೀಲು ನೋವಾಗಿ ಬಿಗಿದುಕೊಳ್ಳುವ ಕಾಯಿಲೆಗೆ, ಪ್ರೀತಿ ಜಾಸ್ತಿ. ಬಲ ಭುಜವೇ ಹಿಡಿದುಕೊಂಡಿತು. ಬೋರ್ಡಿನ ಮೇಲೆ ನಾನು ಬರೆಯುವ ಸಾಲು ಕೆಳಗೆ ಇಳಿಯುತ್ತಾ ಇಳಿಯುತ್ತಾ, ಕೊನೆಗೆ ಹಿಂದಿನ ಬೆಂಚಿನ ಹುಡುಗರು ಎದ್ದು ನಿಂತು ನೋಟ್ಸ್ ಬರೆದುಕೊಳ್ಳುವ ಹಾಗಾಯಿತು. ಜಡೆಗೆ ಮಲ್ಲಿಗೆ ಮುಡಿಯಲು ಮಗಳೇ ಬರಬೇಕು. ರಾತ್ರಿ ಆ ಮಗ್ಗುಲಿಗೆ ತಿರುಗಿದರೆ ಎಚ್ಚರ. ನಿದ್ದೆ ಕೆಟ್ಟ ಮೇಲೆ ಮನೆಯವರ ಮೇಲೆ ಸಿಡುಕುವುದು ಬೇರೆ.

ಬಿಟ್ಟಿ ಸಲಹೆಗೇನು ಬರ ಇರಲಿಲ್ಲ. ನೆಕ್ಕಿ ಸೊಪ್ಪು ಕುದಿಸಿದ ನೀರು ಹೊಯ್ದುಕೊಂಡೆ. ಹಿತವಾಗುತ್ತದೆ, ಸುಳ್ಳಲ್ಲ, ಕೈ ಮಾತ್ರ ಏಳುವುದಿಲ್ಲ. ಇನ್ನೊಂದು ಕಡೆ ವಿಚಾರಿಸಿದರೆ, ಹತ್ತು ಸಿಟ್ಟಿಂಗಿನ ಪ್ಯಾಕೇಜ್ ತಗೊಳ್ಳಿ, ಪೂರ್ತಿ ಗುಣ ಅಂದರು. ಮೂಳೆ ಡಾಕ್ಟರು ಸ್ಟಿರಾಯ್ಡ್ ಇಂಜೆಕ್ಷನ್ ಕೊಡಬಹುದು, ಆದರೆ ಕೆಲವು ದಿನ ಶುಗರ್ ಏರುತ್ತದೆ, ಯೋಚನೆ ಮಾಡಿ ಅಂದರು. ಮೊದಲು ವ್ಯಾಯಾಮ ನೋಡೋಣ ಅಂತ ಇಲ್ಲಿಗೆ ಬಂದೆ.

ಮೊದಲ ದಿನ ಥೆರಪಿಸ್ಟ್ ಮೆಷಿನ್ ಮುಟ್ಟಲೇ ಇಲ್ಲ. ಮೊಣಕೈಯನ್ನು ಸೊಂಟಕ್ಕೆ ಅಂಟಿಸಿ ಮುಂಗೈಯನ್ನು ಹೊರಗೆ ತಿರುಗಿಸಿ ಅಂದರು. ಎಡಗೈ ಸಲೀಸಾಗಿ ತೆರೆಯಿತು. ಬಲಗೈ ಇದ್ದಲ್ಲೇ ನಿಂತಿತು. ಆಮೇಲೆ ಅವರೇ ಹಿಡಿದು ಮೆಲ್ಲಗೆ ತಳ್ಳಿದರು, ಆಗಲೂ ಕದಲಲಿಲ್ಲ. ‘ನೀವು ಮಾಡಿದರೂ ಆಗುವುದಿಲ್ಲ, ನಾನು ಮಾಡಿದರೂ ಆಗುವುದಿಲ್ಲ. ಕೀಲಿನ ಸುತ್ತ ಇರುವ ಪೊರೆ ದಪ್ಪವಾಗಿ ಬಿಗಿದುಕೊಂಡಿದೆ’ ಅಂದರು. ಮೊದಲು ನೋವು ಜಾಸ್ತಿ, ಆಮೇಲೆ ಬಿಗಿತ, ಆಮೇಲೆ ನಿಧಾನಕ್ಕೆ ಸಡಿಲ. ಎಲ್ಲ ಮುಗಿಯಲು ಒಂದರಿಂದ ಮೂರು ವರ್ಷ ಹಿಡಿಯಬಹುದು ಅಂತಲೂ ನೇರವಾಗಿ ಹೇಳಿದರು. ಹತ್ತು ಸಿಟ್ಟಿಂಗ್ ಕೇಳಿ ಬಂದವಳಿಗೆ ಇದು ಸಿಹಿ ಸುದ್ದಿಯೇನಲ್ಲ. ಆದರೆ ಇವರು ಸುಮ್ನೆ ಹಣ ಕೀಳುವವರಲ್ಲ ಅಂತ ಅಲ್ಲೇ ಗೊತ್ತಾಯಿತು.

ಕೆಲಸ ಶುರುವಾಗುವುದು ಬಿಸಿ ಪ್ಯಾಕಿನಿಂದ. ಅದು ನೋವು ತುಸು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುತ್ತದೆ, ಅಷ್ಟೇ. ನಂತರ ಎಡಗೈಯನ್ನು ಮೇಜಿಗೆ ಊರಿ, ಬಗ್ಗಿ, ಬಲಗೈಯನ್ನು ಜೋತುಬಿಟ್ಟು ಸಣ್ಣ ಸಣ್ಣ ಸುತ್ತು ಹಾಕಿಸುವುದು. ಇದಕ್ಕೆ ಕಾಡ್‌ಮನ್ ವ್ಯಾಯಾಮ ಅನ್ನುತ್ತಾರೆ. 1934ರಲ್ಲಿ ಈ ಕಾಯಿಲೆಗೆ ಫ್ರೋಜನ್ ಶೋಲ್ಡರ್ ಅಂತ ಹೆಸರಿಟ್ಟ ಬಾಸ್ಟನ್ನಿನ ಸರ್ಜನ್ ಈ ಕಾಡ್‌ಮನ್. ಆಮೇಲೆ ಗೋಡೆಯ ಏಣಿ. ಎರಡು ಬೆರಳು ಒಂದೊಂದೇ ಮೆಟ್ಟಿಲು ಹತ್ತಬೇಕು. ಎಲ್ಲಿ ನಿಂತಿತೋ ಅಲ್ಲಿ ಪಕ್ಕದ ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಹಾಕುತ್ತಾರೆ. ಕೆಲವು ವಾರ ಗೆರೆಗಳು ಒಂದರ ಮೇಲೊಂದು ಬಿದ್ದು ಕಪ್ಪಗಾಗಿಬಿಟ್ಟಿದ್ದವು. ಮಾರ್ಕ್ಸ್ ಏರದ ಮಕ್ಕಳ ಸಂಕಟ ನನಗೆ ಆಗ ಅರ್ಥವಾಯಿತು!

ಕೊನೆಗೆ ಅವರೇ ಕೀಲು ಹಿಡಿದು ಎಳೆಯುವುದು. ಕಣ್ಣಲ್ಲಿ ನೀರು ಬರುತ್ತದೆ. ‘ಏತ್ ಬೇನೆ?’ ಅಂತ ತುಳುವಿನಲ್ಲೇ ಕೇಳುತ್ತಾರೆ, ಹತ್ತಕ್ಕೆ ಎಷ್ಟು ಅಂತ ಹೇಳಬೇಕು. ನಾಲ್ಕರವರೆಗೆ ಮುಂದುವರಿಸುವುದು. ರಾತ್ರಿಯೂ ಸೆಳೆತ ಉಳಿದರೆ ಮಾರನೇ ದಿನ ಕಡಿಮೆ ಮಾಡುವುದು. ನನಗೆ ಹೆಚ್ಚು ಉಪಕಾರವಾದದ್ದು ಈ ಲೆಕ್ಕದಿಂದಲೇ. ಅಲ್ಲಿವರೆಗೆ ಚುಳುಕ್ ಅಂದ ಕೂಡಲೇ ಒಳಗೆ ಏನೋ ಹರಿಯಿತು ಅಂತ ಹೆದರಿ ಕೈಯನ್ನು ಎದೆಗೆ ಒತ್ತಿಕೊಂಡೇ ಓಡಾಡುತ್ತಿದ್ದೆ. ಹೆದರಿಕೆ ಇಳಿದ ಮೇಲೆ ಮನೆಯಲ್ಲೂ ವ್ಯಾಯಾಮ ಮಾಡಲು ಧೈರ್ಯ ಬಂತು. ನಿದ್ದೆ ಹೇಗಿದೆ ಅಂತ ಪ್ರತಿ ಸಲ ಕೇಳುತ್ತಿದ್ದರು. ತೋಳಿನ ಕೆಳಗೆ ದಿಂಬು ಕೊಟ್ಟು ಮಲಗುವುದನ್ನು ಮಂಚದ ಮೇಲೆ ಮಲಗಿಸಿಯೇ ತೋರಿಸಿಕೊಟ್ಟರು. ಕೈ ಏಳುವ ಎಷ್ಟೋ ಮೊದಲೇ ನಿದ್ದೆ ಸರಿಯಾಯಿತು.

ಅಣ್ಣನದ್ದು ಒಂದೇ ಹಠ, ಅನಸ್ತೇಶಿಯಾ ಕೊಟ್ಟು ಕೈ ತಿರುಗಿಸಿ ಬಿಡಿಸಿಬಿಡುತ್ತಾರಂತೆ, ಅದನ್ನೇ ಮಾಡಿಸು ಅಂತ. ಇದನ್ನು ಹೇಳಿದಾಗ ಥೆರಪಿಸ್ಟ್ 2020ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನ ತೋರಿಸಿದರು. 503 ರೋಗಿಗಳು. ಹಾಗೆ ತಿರುಗಿಸಿ ಬಿಡಿಸುವುದು, ಕೀಹೋಲ್ ಆಪರೇಷನ್, ಇಂಜೆಕ್ಷನ್ ಜೊತೆಗೆ ಫಿಸಿಯೋಥೆರಪಿ, ಈ ಮೂರರಲ್ಲಿ ಯಾವುದೂ ಉಳಿದೆರಡಕ್ಕಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಅಂತ ಕಂಡುಬಂತಂತೆ. ನಾನು ಇಂಜೆಕ್ಷನ್ ತಗೊಂಡಿಲ್ಲವಾದ್ದರಿಂದ ಅದು ಪೂರ್ತಿ ನನ್ನ ಕಥೆಯಲ್ಲ, ಅದನ್ನೂ ಅವರೇ ಹೇಳಿದರು. ಅಣ್ಣ ಸುಮ್ಮನಾದ.

ಈಗ ಬೋರ್ಡಿನ ಮೇಲಿನ ಸಾಲು ಸಿಗುತ್ತದೆ. ಬೆನ್ನ ಹಿಂದಿನ ಹುಕ್ಕು ಇನ್ನೂ ಇಲ್ಲ.

ತಕರಾರು ಇಲ್ಲದಿಲ್ಲ. ಲಿಫ್ಟ್ ಇಲ್ಲ, ಮಂಡಿನೋವಿನ ಅಜ್ಜಿಯಂದಿರು ಮೆಟ್ಟಿಲು ಹತ್ತಿ ಬರಬೇಕು, ಇದೆಂಥ ನ್ಯಾಯ ಮಾರಾಯ್ರೆ? ಐದಕ್ಕೆ ಅಂದರೆ ಐದೂಮುಕ್ಕಾಲು. ಮಂಚಗಳ ನಡುವೆ ತೆಳು ಪರದೆ ಮಾತ್ರ, ಹಾಗಾಗಿ ಎಲ್ಲರ ಕಥೆ ಎಲ್ಲರಿಗೂ ಕೇಳುತ್ತದೆ. ಪುಂಡುವೇಷ ಮಾಡುವ ಯಕ್ಷಗಾನ ಕಲಾವಿದರೊಬ್ಬರ ಮಂಡಿಯ ಇತಿಹಾಸ ನನಗೀಗ ಬಾಯಿಪಾಠ. ಮನೆಯಲ್ಲಿ ಮಾಡುವ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಟೀಚರ್ ಚಟ ಬಿಡಬೇಕಲ್ಲ, ಕನ್ನಡದಲ್ಲಿ ಬರೆದುಕೊಟ್ಟೆ. ಈಗ ಅದರ ಜೆರಾಕ್ಸ್ ಹಂಚುತ್ತಿದ್ದಾರೆ.

ಒಂದು ಸಲಕ್ಕೆ 400 ರೂಪಾಯಿ, ಆಯಾ ದಿನದ್ದು ಆಯಾ ದಿನ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಬಸ್ಸಿನಲ್ಲಿ ಬರುವುದೇ ಸುಖ. ಡಾಕ್ಟರ ಚೀಟಿ ಇಲ್ಲದೆ ಹೋಗಬೇಡಿ. ಸ್ಕೂಟರಿನಿಂದ ಬಿದ್ದ ಹುಡುಗನೊಬ್ಬ ಭುಜ ಹಿಡಿದುಕೊಂಡು, ಸ್ವಲ್ಪ ಎಳೆದು ಸರಿ ಮಾಡಿ ಅಂತ ಬಂದಿದ್ದ. ಅವನನ್ನು ಮಂಚ ಹತ್ತಲೂ ಬಿಡದೆ ಎಕ್ಸ್‌ರೇ ತೆಗೆಸಲು ಕಳಿಸಿದರು.