ನುಸಿಗಳ ಡಿಎನ್‌ಎ ಗುರುತಿಸುವಿಕೆ ಸೇವೆ: ದೇಹ ವಾಪಸ್ ಬಂದದ್ದೇ ದೊಡ್ಡ ಖುಷಿ

ಬೆಳಕಿನ ಬಲೆಗೆ ಬಿದ್ದ ಕ್ಯುಲಿಕಾಯ್ಡಿಸ್ ನುಸಿಗಳನ್ನು ರೆಕ್ಕೆಯ ಮಚ್ಚೆ ನೋಡಿ ವಿಂಗಡಿಸುವುದು ನನ್ನ ಕೆಲಸ. ಉದ್ದ 1ರಿಂದ 3 ಮಿಲಿಮೀಟರ್. ಮಚ್ಚೆ ಸ್ಪಷ್ಟವಾಗಿದ್ದರೆ ಸೂಕ್ಷ್ಮದರ್ಶಕವೇ ಸಾಕು. ಅಬ್ಸೊಲೀಟಸ್ ಮತ್ತು ಸ್ಕಾಟಿಕಸ್ ಎಂಬ, ನೋಡಲು ಒಂದೇ ತರಹದ ಎರಡು ಪ್ರಭೇದಗಳ ಹೆಣ್ಣುಗಳು ಬಂದಾಗ ಮಾತ್ರ ಕಣ್ಣನ್ನು ನಂಬುವ ಹಾಗಿಲ್ಲ. ಗಂಡಾಗಿದ್ದರೆ ಜನನಾಂಗ ನೋಡಿ ಹೇಳಬಹುದು. ಆದರೆ ರಕ್ತ ಹೀರಿ ನೀಲಿ ನಾಲಿಗೆ ರೋಗದ ವೈರಸ್ ದಾಟಿಸುವುದು ಹೆಣ್ಣು ನುಸಿಯೇ. 2006ರಲ್ಲಿ ಈ ರೋಗ ಉತ್ತರ ಯುರೋಪಿನ ದನ-ಕುರಿಗಳಿಗೆ ತಗುಲಿದಾಗ, ಹಳೆಯ ಆರೋಪಿಯಾದ ಇಮಿಕೋಲಾ ಎಂಬ ಇನ್ನೊಂದು ಪ್ರಭೇದ ಅಲ್ಲಿ ಇರಲೇ ಇಲ್ಲ. ಸಂಶಯ ಹೋದದ್ದು ಈ ಅಬ್ಸೊಲೀಟಸ್ ಗುಂಪಿನ ಮೇಲೆ. ಹಾಗಾಗಿ ಅನುಮಾನದ ಹೆಣ್ಣುಗಳನ್ನೆಲ್ಲ ಎಥನಾಲ್‌ನಲ್ಲಿ ಹಾಕಿ ಡಿಎನ್‌ಎ ಪ್ರಯೋಗಾಲಯವೊಂದಕ್ಕೆ ಕಳಿಸಿದೆ. ಫಾರ್ಮಲಿನ್‌ನಲ್ಲಿಟ್ಟ ಮಾದರಿ ಬೇಡವೆಂದು ಅವರು ಮೊದಲೇ ಎಚ್ಚರಿಸಿದ್ದು ಸರಿಯಾಯಿತು, ಅದರಲ್ಲಿ ಡಿಎನ್‌ಎ ಹಾಳಾಗುತ್ತದೆ.

ಅವರು ನುಸಿಯನ್ನು ಅರೆಯುವುದಿಲ್ಲ. ಪ್ರೋಟೀನ್ ಕರಗಿಸುವ ಪ್ರೋಟಿನೇಸ್ ಕೆ ಕಿಣ್ವದ ದ್ರಾವಣದಲ್ಲಿ ನೆನೆಸಿ ಒಳಗಿನ ಮೃದು ಭಾಗವನ್ನಷ್ಟೇ ಕರಗಿಸುತ್ತಾರೆ. ವಾಪಸ್ ಬಂದ ಹೊರಕವಚ ಗಾಜಿನಂತೆ ತಿಳಿಯಾಗಿತ್ತು. ಹೊಟ್ಟೆಯೊಳಗಿನ, ವೀರ್ಯ ಕೂಡಿಡುವ ಚೀಲಗಳು ನಾನು ಕೈಯಾರೆ ತಯಾರಿಸಿದ ಸ್ಲೈಡಿಗಿಂತ ಚೆನ್ನಾಗಿ ಕಂಡವು. ಹೆಸರಿನ ಬಗ್ಗೆ ತಕರಾರು ಬಂದರೆ ತೋರಿಸಲು ಅದೇ ನುಸಿ ನನ್ನ ಕೈಯಲ್ಲಿದೆ. ಈ ಒಂದು ಕಾರಣಕ್ಕೇ ನಾನು ಇವರನ್ನು ಹೊಗಳುತ್ತೇನೆ.

ಪ್ರಭೇದ ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ 658 ಡಿಎನ್‌ಎ ಅಕ್ಷರಗಳ ತುಣುಕನ್ನು ಓದಿ ವರದಿ ಕೊಟ್ಟರು. ಅಬ್ಸೊಲೀಟಸ್, ಸ್ಕಾಟಿಕಸ್ ಎರಡೂ ಸಲೀಸಾಗಿ ಬೇರೆಯಾದವು.

ಬೇಸರ ತರಿಸಿದ್ದು ಒಂದು ವರದಿ. ಹೋಲಿಕೆ ಬಹಳ ಹೆಚ್ಚಿದೆ ಎಂದು ಬರೆದು, ರೆಕ್ಕೆಗೆ ಸ್ವಲ್ಪವೂ ಹೊಂದದ ಪ್ರಭೇದದ ಹೆಸರು ಕೊಟ್ಟಿದ್ದರು. ಕೆದಕಿ ನೋಡಿದರೆ, ಡಿಎನ್‌ಎ ಅನುಕ್ರಮಗಳ (ಅಕ್ಷರಗಳ ಸಾಲುಗಳ) ಸಾರ್ವಜನಿಕ ಸಂಗ್ರಹದಲ್ಲಿ ಯಾರೋ ಬೇರೆ ನುಸಿಗೆ ಆ ಹೆಸರು ಅಂಟಿಸಿ ಹಾಕಿದ್ದ ಅನುಕ್ರಮಕ್ಕೆ ತಾಳೆಯಾಗಿತ್ತು. ಮೂಲವೇ ತಪ್ಪಿದ್ದರೆ ಹೋಲಿಕೆ ಎಷ್ಟಿದ್ದು ಏನು ಪ್ರಯೋಜನ? ಕೇಳಿದ ಮೇಲೆ ಐಟಿಎಸ್ ಎಂಬ ಇನ್ನೊಂದು ಡಿಎನ್‌ಎ ಭಾಗವನ್ನೂ ಓದಿ ತಿದ್ದಿಕೊಟ್ಟರು, ಗೊಣಗಲಿಲ್ಲ. ಆದರೂ ಯಾವ ಅನುಕ್ರಮಕ್ಕೆ ಹೋಲಿಸಿದರೆಂಬ ಸಂಖ್ಯೆ ವರದಿಯಲ್ಲೇ ಇರಬೇಕಿತ್ತು.

ಹತ್ತಿರದ ಪ್ರಭೇದಗಳೆರಡನ್ನು ಬೇರ್ಪಡಿಸುವುದಷ್ಟೇ ನಿಮ್ಮ ಕೆಲಸವಾದರೆ ಒಂದೇ ಸಲಕ್ಕೆ ಹಲವು ಪ್ರಭೇದಗಳ ಡಿಎನ್‌ಎ ಹುಡುಕುವ ಮಲ್ಟಿಪ್ಲೆಕ್ಸ್ ಪಿಸಿಆರ್ ಪರೀಕ್ಷೆ ಬೇಗ ಮುಗಿಯುತ್ತದೆ, ಅದನ್ನೇ ಕೇಳಿ. ವಿಚಿತ್ರವಾಗಿ ಕಾಣುವ ನುಸಿಯಿದ್ದರೆ ಪೂರ್ತಿ ಅನುಕ್ರಮ ಓದಿಸಿ, ಕಳಿಸುವ ಮುಂಚೆ ಒಂದು ರೆಕ್ಕೆ ಬಿಡಿಸಿ ಸ್ಲೈಡ್ ಮಾಡಿಟ್ಟುಕೊಳ್ಳಿ. ಮುಂದಿನ ಸಲವೂ ನಾನು ಇವರಿಗೇ ಕಳಿಸುವೆ.