ಲಾಕ್‌ಡೌನಿನಲ್ಲಿ ಎನ್‌ಐಸಿಯು ಮಗುವಿನ ಕಣ್ಣಿನ ತಪಾಸಣೆ: ಒಂದು ಆಸ್ಪತ್ರೆಯ ಸೇವೆ ಕಂಡಂತೆ

ನಮ್ಮ ಮಗಳು 2020ರ ಮಾರ್ಚ್ 14ರಂದು, 31 ವಾರಕ್ಕೇ, 1,380 ಗ್ರಾಂ ತೂಕದೊಂದಿಗೆ ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹುಟ್ಟಿದಳು. ಹನ್ನೊಂದನೆಯ ದಿನಕ್ಕೆ ಇಡೀ ದೇಶ ಬಾಗಿಲು ಹಾಕಿಕೊಂಡಿತು. ಆಸ್ಪತ್ರೆಯ ಹೆಸರೆತ್ತಿ ಜಗಳಕ್ಕೆ ನಿಲ್ಲುವ ಇರಾದೆ ನನಗಿಲ್ಲ. ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮುಟ್ಟದ ಕಣ್ಣಿನ ತಪಾಸಣೆಯೊಂದನ್ನೇ ಹಿಡಿದು ಬರೆಯುತ್ತಿದ್ದೇನೆ.

ಅವಧಿಗೆ ಮುಂಚೆ ಹುಟ್ಟಿದ ಮಗುವಿನ ರೆಟಿನಾದಲ್ಲಿ, ಅಂದರೆ ಕಣ್ಣಿನೊಳಗಿನ ಹಿಂಬದಿಯ ಪರದೆಯಲ್ಲಿ, ರಕ್ತನಾಳಗಳು ಅಂಚಿನವರೆಗೆ ಬೆಳೆದಿರುವುದಿಲ್ಲ. ಮುಂದೆ, ಅದರಲ್ಲೂ ಆಮ್ಲಜನಕ ಕೊಡಬೇಕಾಗಿ ಬಂದ ಮಕ್ಕಳಲ್ಲಿ, ಅವು ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನೇ ಎಳೆದು ಕಿತ್ತುಬಿಡಬಹುದು. ವೈದ್ಯರು ಇದನ್ನು ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ) ಎನ್ನುತ್ತಾರೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಗುವ ಮಕ್ಕಳಿಗೆ 30 ದಿನದೊಳಗೆ ಮೊದಲ ತಪಾಸಣೆ ಆಗಲೇಬೇಕು. ರೋಗ ಚಿಕಿತ್ಸೆಯ ಮಟ್ಟಕ್ಕೆ ಏರಿತೆಂದರೆ ಲೇಸರ್ ಮಾಡಲು ಸಿಗುವುದು ಎರಡು ದಿನ. ಹೊರಗಿನಿಂದ ನೋಡಿದರೆ ಕಣ್ಣು ಫಳಫಳ ಹೊಳೆಯುತ್ತಲೇ ಇರುತ್ತದೆ.

ವಾರಕ್ಕೊಮ್ಮೆ ಬರುತ್ತಿದ್ದ ರೆಟಿನಾ ತಜ್ಞರು ನಾಲ್ಕಾರು ಆಸ್ಪತ್ರೆಗಳಿಗೆ ಓಡಾಡುವವರಾದ್ದರಿಂದ, ಸೋಂಕು ಹೊತ್ತು ತರಬಾರದೆಂದು ಅವರ ಭೇಟಿಯನ್ನು ನಿಲ್ಲಿಸಲಾಗಿತ್ತು. ಬದಲಿಗೆ ಏಪ್ರಿಲ್ 9ರಂದು, ಮಗುವಿನ 26ನೆಯ ದಿನ, ತಂತ್ರಜ್ಞೆಯೊಬ್ಬರು ಕ್ಯಾಮೆರಾ ತಂದು ರೆಟಿನಾದ ಚಿತ್ರ ತೆಗೆದು ತಜ್ಞರಿಗೆ ಕಳುಹಿಸಿದರು. ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆ 2008ರಿಂದಲೂ ನಮ್ಮ ಜಿಲ್ಲೆಗಳ ಎನ್‌ಐಸಿಯುಗಳಲ್ಲಿ ಮಾಡುತ್ತ ಬಂದಿರುವುದು ಇಂಥದ್ದೇ ಕೆಲಸವನ್ನು. ತಜ್ಞರಿಲ್ಲದ ಊರುಗಳಿಗೆಂದು ಹುಟ್ಟಿದ ಉಪಾಯ ಬೆಂಗಳೂರಿಗೇ ಬೇಕಾಗಿ ಬಂತಲ್ಲ ಎಂದು ಆಮೇಲೆ ಅನ್ನಿಸಿತು.

ಪಾಲಕರಲ್ಲಿ ಒಬ್ಬರಿಗೆ ಮಾತ್ರ ಪ್ರವೇಶವಿದ್ದು, ಅಂದು ನನ್ನ ಸರದಿ. ಪಾಪೆ ಹಿಗ್ಗಲು ಹನಿ ಹಾಕಿ, ರೆಪ್ಪೆಗಳ ನಡುವೆ ಪುಟ್ಟ ತಂತಿಯ ಕ್ಲಿಪ್ ಇಟ್ಟು, ಜೆಲ್ ಸವರಿ, ಕ್ಯಾಮೆರಾದ ತುದಿಯನ್ನು ನೇರವಾಗಿ ಕಣ್ಣಿನ ಮೇಲೆ ತಾಗಿಸುತ್ತಾರೆ. ನೋಡುವವರ ಕರುಳು ಹಿಂಡುತ್ತದೆ. ನರ್ಸ್ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನನ್ನ ಹೆಂಡತಿ ಹಿಂಡಿ ಕಳಿಸಿದ್ದ ಹಾಲನ್ನು ಹನಿಹನಿಯಾಗಿ ನಾಲಿಗೆಗೆ ಬಿಡುತ್ತಿದ್ದರು. ತಂತ್ರಜ್ಞೆಯ ಕನ್ನಡಕ ಫೇಸ್ ಶೀಲ್ಡಿನೊಳಗೆ ಮಂಜಾಗುತ್ತಿದ್ದರೂ ಅವರು ಅವಸರ ಮಾಡಲಿಲ್ಲ, ಮುಂದಿನ ತೊಟ್ಟಿಲಿಗೆ ಹೋಗುವ ಮುನ್ನ ಕ್ಯಾಮೆರಾದ ತುದಿಯನ್ನು ಒರೆಸಿ ಶುಚಿಗೊಳಿಸುವುದನ್ನೂ ಮರೆಯಲಿಲ್ಲ. ಇಷ್ಟರ ಮಟ್ಟಿಗೆ ಪೂರ್ತಿ ಅಂಕ.

ಎಡವಿದ್ದು ಡಿಸ್ಚಾರ್ಜ್ ಆದ ಮೇಲೆ. ರಕ್ತನಾಳಗಳು ಇನ್ನೂ ಬಲಿತಿಲ್ಲವಾದ್ದರಿಂದ ಏಪ್ರಿಲ್ 23ಕ್ಕೆ ಮತ್ತೆ ನೋಡಬೇಕೆಂಬ ಸೂಚನೆ ಡಿಸ್ಚಾರ್ಜ್ ಸಮ್ಮರಿಯ ಮೂರನೆಯ ಪುಟದಲ್ಲಿ, ಲಸಿಕೆಗೂ ವಿಟಮಿನ್ ಹನಿಗೂ ನಡುವೆ, ಇಂಗ್ಲಿಷಿನ ಅರ್ಧ ಸಾಲಾಗಿತ್ತು. ಸಮಯ ಕೇಳಲು ಫೋನ್ ಮಾಡಿದರೆ ಸ್ವಾಗತ ಕೌಂಟರಿನವರು, ಕಣ್ಣಿನ ಒಪಿಡಿ ತುರ್ತು ರೋಗಿಗಳಿಗೆ ಮಾತ್ರ, ಮೇ 3ಕ್ಕೆ ಲಾಕ್‌ಡೌನ್ ಮುಗಿಯುತ್ತದೆ, ಆಮೇಲೆ ಬನ್ನಿ ಎಂದರು. ಅವರ ಪಟ್ಟಿಯಲ್ಲಿ ತುರ್ತು ಎಂದರೆ ಪೆಟ್ಟು, ಸೋಂಕು, ದಿಢೀರನೆ ದೃಷ್ಟಿ ಹೋಗುವುದು ಇಷ್ಟೇ. ಕಣ್ಣು ಕಾಣುತ್ತಿಲ್ಲವೆಂದು ಹೇಳಲಾಗದ ಐದೂವರೆ ವಾರದ ಕೂಸು ಆ ಪಟ್ಟಿಯೊಳಗೆ ಹೇಗೆ ಬಂದೀತು? "ಆ ತಾರೀಖು ಮಾತ್ರ ತಪ್ಪಿಸಬೇಡಿ ಸರ್" ಎಂದು ಡಿಸ್ಚಾರ್ಜ್ ದಿನ ನರ್ಸ್ ಹೇಳಿದ್ದು ನೆನಪಿದ್ದರಿಂದ ಎನ್‌ಐಸಿಯುಗೇ ಕರೆ ಮಾಡಿದೆ. ಅರ್ಧ ಗಂಟೆಯಲ್ಲಿ ಸಮಯ ಸಿಕ್ಕಿತು. ದಾರಿಯ ಬ್ಯಾರಿಕೇಡುಗಳಲ್ಲಿ ಆ ಮೂರನೆಯ ಪುಟವೇ ನಮ್ಮ ಪಾಸಾಯಿತು.

ಅಂದು ರಕ್ತನಾಳಗಳ ಅಂಚಿನಲ್ಲಿ ದಿಬ್ಬದಂಥ ಗೆರೆ ಎದ್ದಿತ್ತು, ಅಂದರೆ ಆರ್‌ಒಪಿಯ ಎರಡನೆಯ ಹಂತ. ಜೂನ್‌ವರೆಗೆ ಇನ್ನೂ ಐದು ಸಲ ನೋಡಿದರು; ಲೇಸರ್ ಇಲ್ಲದೆಯೇ ಇಳಿಯಿತು. ಮೇ 3ರ ತನಕ ಕಾದಿದ್ದರೂ ಇಳಿಯುತ್ತಿತ್ತೇನೋ, ಆದರೆ ಅದು ಆಸ್ಪತ್ರೆಯ ಹೆಚ್ಚುಗಾರಿಕೆಯಲ್ಲ.

ಬಿಲ್ಲಿನ ಬಗ್ಗೆಯೂ ಒಂದು ಮಾತು. ತಂತ್ರಜ್ಞೆ ಒಂದೇ ಗೌನಿನಲ್ಲಿ ನಾಲ್ಕು ಮಕ್ಕಳನ್ನು ನೋಡಿದ್ದನ್ನು ನಾನೇ ಕಂಡಿದ್ದೆ. ಆದರೂ ನಮ್ಮ ಬಿಲ್ಲಿನಲ್ಲಿ ಪೂರ್ತಿ ಒಂದು ಪಿಪಿಇ ಕಿಟ್ ಇತ್ತು. ಕೇಳಿದ್ದಕ್ಕೆ ನಿಯಮ ಎಂದರು.

ಎನ್‌ಐಸಿಯುಗೆ ಐದಕ್ಕೆ ಐದು, ಕೌಂಟರಿಗೆ ಒಂದು. ಇದೇ ಸ್ಥಿತಿಯಲ್ಲಿರುವ ಪಾಲಕರು ಡಿಸ್ಚಾರ್ಜ್‌ಗೆ ಮುನ್ನ ಮುಂದಿನ ಕಣ್ಣಿನ ತಪಾಸಣೆಯ ತಾರೀಖು, ಅಂದು ನೋಡುವವರ ಹೆಸರು ಮತ್ತು ಎನ್‌ಐಸಿಯುನ ನೇರ ದೂರವಾಣಿ ಸಂಖ್ಯೆಯನ್ನು ಮೊದಲ ಪುಟದಲ್ಲೇ ಬರೆಸಿಕೊಳ್ಳಬೇಕು.