ಕಾಳಿನಳತೆಯ ಸಲಾಡ್: ಲೆಟ್ಯೂಸ್ ಬಟ್ಟಲು, ಕ್ಯಾಬೇಜ್ ಬಟ್ಟಲು, ಪಚಡಿ ಬಟ್ಟಲು

ಎಲ್ಲವನ್ನೂ ಒಂದೇ ಅಳತೆಗೆ ಸಣ್ಣಗೆ ಹೆಚ್ಚಿ ಕಲೆಸುವ ಹೋಟೆಲಿನ ಚಾಪ್ಡ್ ಸಲಾಡ್ ಮನೆಯಲ್ಲಿ ಮಾಡಿದಾಗ ಕೆಡುವುದು ಹೆಚ್ಚಾಗಿ ನೀರಿನಿಂದ. ಟೊಮೇಟೊ ಬಿಟ್ಟ ರಸ, ಸವತಿಕಾಯಿಯ ನೀರು, ಎಲೆ ತೊಳೆದಾಗ ಉಳಿದ ನೀರು ಮೂರೂ ಕೂಡಿ ಬಟ್ಟಲಿನ ತಳ ಸೇರುತ್ತವೆ. ಹಾಕಿದ ಉಪ್ಪು, ಹುಳಿ, ಎಣ್ಣೆಯೂ ಅಲ್ಲಿಗೇ ಇಳಿಯುತ್ತವೆ. ಮೇಲೆ ಉಳಿಯುವುದು ಸಪ್ಪೆ ತರಕಾರಿ. ಮೂರು ಬಗೆಯ ಬಟ್ಟಲುಗಳನ್ನು ಒಂದೇ ಹೊತ್ತಿಗೆ ಮಾಡಿ ಪಕ್ಕಪಕ್ಕ ಇಟ್ಟು ತಿಂದು ನೋಡಿದಾಗ ಮುಖ್ಯವಾಗಿ ಕಣ್ಣಿಟ್ಟದ್ದು ಈ ನೀರಿನ ಮೇಲೆಯೇ. ಕಲೆಸಿದ ಕೂಡಲೇ ಹೇಗಿದೆ, ಅರ್ಧ ಗಂಟೆಯ ಮೇಲೆ ಹೇಗಿದೆ, ಅದನ್ನೇ ಊಟವಾಗಿ ತಿನ್ನಬಹುದೋ ಅಥವಾ ರೊಟ್ಟಿಯ ಪಕ್ಕಕ್ಕೆ ಮಾತ್ರವೋ ಎಂದು ಮೂರು ಪ್ರಶ್ನೆ ಕೇಳಿಕೊಂಡೆವು.

ಮೊದಲು ಹೋಟೆಲಿನದು ಏನು ಎಂದು ತಿಳಿದಿರಲಿ. ಅಮೆರಿಕದ ಬೆವರ್ಲಿ ಹಿಲ್ಸ್‌ನಲ್ಲಿ ಜೀನ್ ಲಿಯಾನ್ 1956ರಲ್ಲಿ ತೆರೆದ ಲಾ ಸ್ಕಾಲಾ ಹೋಟೆಲಿನ ಚಾಪ್ಡ್ ಸಲಾಡ್ ಹೆಸರುವಾಸಿ. ಅದರಲ್ಲಿರುವುದು ಕ್ಯಾಬೇಜಿನಂತೆ ಗಡ್ಡೆ ಕಟ್ಟುವ ಐಸ್‌ಬರ್ಗ್ ಲೆಟ್ಯೂಸ್ ಸೊಪ್ಪು, ಸಲಾಮಿ ಮಾಂಸ, ಮೊಝರೆಲ್ಲಾ ಚೀಸ್, ಕಾಬೂಲಿ ಕಡಲೆ, ಮೇಲೆ ಎಣ್ಣೆ, ವಿನೆಗರ್, ಸಾಸಿವೆ. ಪದಾರ್ಥ ಯಾವುದಾದರೂ ಇರಲಿ, ಅದರ ಗುಣ ಕತ್ತರಿಸುವ ಅಳತೆಯಲ್ಲಿದೆ. ಒಂದು ಚಮಚದಲ್ಲಿ ನಾಲ್ಕೈದು ಪದಾರ್ಥ ಒಟ್ಟಿಗೆ ಬರಬೇಕು. ಕಾಬೂಲಿ ಕಡಲೆ ಸುಮಾರು 1 ಸೆಂಟಿಮೀಟರ್ ಇರುತ್ತದೆ, ಮಿಕ್ಕಿದ್ದೆಲ್ಲ ಆ ಕಾಳಿನಳತೆಗೆ ಬರಬೇಕು. ನಮ್ಮ ಪಚಡಿಗೆ ಹೆಚ್ಚುವಷ್ಟು ಸಣ್ಣ ಮಾಡಿದರೆ ಕೊಯ್ದ ಮೈ ಹೆಚ್ಚಾಗಿ ನೀರು ಬೇಗ ಬಿಡುತ್ತದೆ. 2 ಸೆಂಟಿಮೀಟರಿಗೆ ಬಿಟ್ಟರೆ ಒಂದು ತುತ್ತು ಬರೀ ಉಳ್ಳಾಗಡ್ಡಿ, ಇನ್ನೊಂದು ತುತ್ತು ಬರೀ ಟೊಮೇಟೊ.

ಚಾಕು, ಇಳಿಗಿ, ದಾರ ಎಳೆಯುವ ಚಾಪರ್

ಈಗ ಎಲ್ಲ ಮನೆಯಲ್ಲೂ ಇರುವ, ದಾರ ಎಳೆದರೆ ಒಳಗೆ ಬ್ಲೇಡ್ ತಿರುಗುವ ಚಾಪರನ್ನು ಈ ಕೆಲಸಕ್ಕೆ ಬಳಸಬೇಡಿ. ಅದರಲ್ಲಿ ಕೆಲವು ಚೂರು ಕಾಳಿನಷ್ಟು, ಕೆಲವು ರವೆಯಷ್ಟು ಆಗುತ್ತವೆ. ಟೊಮೇಟೊ ಮೂರು ಎಳೆತಕ್ಕೆ ಗೊಜ್ಜು. ಉಳ್ಳಾಗಡ್ಡಿ ಜಜ್ಜಿದಂತಾಗಿ ಘಾಟು ಏರುತ್ತದೆ, ಏಕೆಂದರೆ ಆ ಘಾಟಿನ ಗಂಧಕದ ಅಂಶ ಹುಟ್ಟುವುದೇ ಉಳ್ಳಾಗಡ್ಡಿಯ ಕೋಶ ಒಡೆದಾಗ. ಜಜ್ಜಿದಷ್ಟೂ ಕೋಶ ಹೆಚ್ಚು ಒಡೆಯುತ್ತದೆ. ಗಜ್ಜರಿಗೆ ಮಾತ್ರ ನಾಲ್ಕೈದು ಎಳೆತದ ಮಟ್ಟಿಗೆ ಆದೀತು.

ಇಳಿಗಿ ಕ್ಯಾಬೇಜಿಗೆ ಚಾಕುವಿಗಿಂತ ಚೆನ್ನ. ಗಡ್ಡೆಯನ್ನು ನಾಲ್ಕು ಭಾಗ ಮಾಡಿ, ನಡುವಿನ ದಂಟು ತೆಗೆದು, ಇಳಿಗಿಯ ಮೇಲೆ ಉದ್ದಕ್ಕೆ ಎಳೆ ಎಳೆಯಾಗಿ ಹೆರೆಯಿರಿ, ಆಮೇಲೆ ಮಣೆಯ ಮೇಲೆ ಅಡ್ಡಕ್ಕೆ ಚಾಕು ಹಾಯಿಸಿದರೆ ಚೌಕ ಚೂರುಗಳಾಗುತ್ತವೆ. ಸವತಿಕಾಯಿ, ಟೊಮೇಟೊ, ದೊಣ್ಣ ಮೆಣಸಿನಕಾಯಿಗೆ ಹರಿತವಾದ ಚಾಕುವೇ ಬೇಕು. ಟೊಮೇಟೊದ ಸಿಪ್ಪೆಯ ಮೇಲೆ ಜಾರುವ ಮೊಂಡ ಚಾಕು ಕಾಯಿಯನ್ನು ಕೊಯ್ಯುವುದಿಲ್ಲ, ಹಿಂಡುತ್ತದೆ. ಹೆಚ್ಚುವ ಮುಂಚೆ ಒಂದೆರಡು ಸಲ ಸಾಣೆ ಹಿಡಿದರೆ ಬಟ್ಟಲಿನ ನೀರು ಅಲ್ಲೇ ಎಷ್ಟೋ ಕಡಿಮೆಯಾಗುತ್ತದೆ.

ಮೊದಲ ಬಟ್ಟಲು: ಲೆಟ್ಯೂಸ್

ಕಲೆಸಿದ ಐದು ನಿಮಿಷದೊಳಗೆ ತಿಂದರೆ ಇದಕ್ಕೆ ಸಾಟಿ ಇಲ್ಲ. ಐಸ್‌ಬರ್ಗ್ ಎಲೆಯಲ್ಲಿ ನೂರಕ್ಕೆ 95ರಷ್ಟು ನೀರೇ. ಆ ನೀರು ಕೋಶದೊಳಗೆ ಬಿಗಿಯಾಗಿ ತುಂಬಿರುವುದರಿಂದಲೇ ಕಚ್ಚಿದಾಗ ಕರುಮ್ ಎನ್ನುತ್ತದೆ. ಆದರೆ ಬಿಸಿಲಲ್ಲಿ ಊರಿಂದೂರಿಗೆ ಬಂದ ಎಲೆಯಲ್ಲಿ ಆ ಬಿಗಿ ಸಡಿಲವಾಗಿರುತ್ತದೆ. ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಸುತ್ತಿದ ಗಡ್ಡೆ ಸಿಕ್ಕೀತು, ಗದಗ, ಹಾವೇರಿಯ ಸಂತೆಯಲ್ಲಿ ಅದನ್ನು ನಂಬಿ ಅಡಿಗೆ ಗೊತ್ತು ಮಾಡುವಂತಿಲ್ಲ. ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕೆ ತಕ್ಕ ತೂಕವಿರಬೇಕು, ಬುಡದ ಕೊಯ್ಲು ಕಂದಾಗಿರಬಾರದು.

ತಂದ ಮೇಲೆ ಹೊರಗಿನ ಎರಡು ಎಲೆ ತೆಗೆದು, ಉಳಿದದ್ದನ್ನು ಬಿಡಿಸಿ, ಐಸ್ ಹಾಕಿದ ಕುಡಿಯುವ ನೀರಿನಲ್ಲಿ 15 ನಿಮಿಷ ಮುಳುಗಿಸಿಡಿ. ಸೋತ ಎಲೆ ನೀರು ಕುಡಿದು ಮತ್ತೆ ಸೆಟೆಯುತ್ತದೆ. ಆಮೇಲಿನ ಕೆಲಸವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಒಣಗಿಸುವುದು. ಹೋಟೆಲಿನಲ್ಲಿ ಇದಕ್ಕೆಂದೇ ಗಿರಗಿರ ತಿರುಗಿಸುವ ಬುಟ್ಟಿ ಇರುತ್ತದೆ. ಮನೆಯಲ್ಲಿ ಹಳೆಯ ಹತ್ತಿಯ ದೋತರದ ತುಂಡು ಸಾಕು. ಎಲೆಗಳನ್ನು ಅದರಲ್ಲಿ ಗಂಟು ಕಟ್ಟಿ, ಹಿತ್ತಲಿಗೆ ಹೋಗಿ ಹತ್ತು ಹನ್ನೆರಡು ಸಲ ಜೋರಾಗಿ ಬೀಸಿ, ಆಮೇಲೆ ಬಿಚ್ಚಿ ಹರಡಿ 10 ನಿಮಿಷ ಫ್ಯಾನ್ ಕೆಳಗೆ ಬಿಡಿ. ಹಸಿ ಎಲೆಗೆ ಎಣ್ಣೆ ಹಿಡಿಯುವುದಿಲ್ಲ, ಜಾರಿ ಕೆಳಗೆ ಹೋಗುತ್ತದೆ.

ಅರ್ಧ ಗಂಟೆಯ ಪರೀಕ್ಷೆಯಲ್ಲಿ ಈ ಬಟ್ಟಲು ಸೋತಿತು. ಎಲೆ ಕಪ್ಪು ಹಸಿರಾಗಿ ಅಂಟಿಕೊಂಡಿತ್ತು. ತಪ್ಪು ವಿನೆಗರಿನದು ಎಂದುಕೊಳ್ಳುವವರು ಹೆಚ್ಚು, ಆದರೆ ಎಲೆಯನ್ನು ಬೇಗ ಬಾಡಿಸುವುದು ಎಣ್ಣೆ. ಎಲೆಯ ಮೇಲೆ ಮೇಣದಂಥ ಪದರ ಇರುತ್ತದೆ. ಅದು ನೀರಿನಂಥ ವಿನೆಗರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ. ಲೆಟ್ಯೂಸ್ ಬಳಸುವುದಾದರೆ ಎಲ್ಲರೂ ತಾಟಿನ ಮುಂದೆ ಕುಳಿತ ಮೇಲೆಯೇ ಎಣ್ಣೆ ಹಾಕಿ.

ಎರಡನೆಯದು: ಕ್ಯಾಬೇಜ್

ಇದು ಬಾಯಿಗೆ ಒರಟು, ಆದರೆ ಗಟ್ಟಿಗ. ಅರ್ಧ ಗಂಟೆಯಲ್ಲ, ಒಂದು ಗಂಟೆ ಇಟ್ಟರೂ ಕರುಮ್ ಎನ್ನುತ್ತಿತ್ತು. ಜೋಳದ ರೊಟ್ಟಿ ಮುರಿದು ಅದರಲ್ಲಿ ಎತ್ತಿಕೊಂಡು ತಿನ್ನಲಿಕ್ಕೂ ಬಂದಿತು, ಲೆಟ್ಯೂಸಿಗೆ ಅದು ಸಾಧ್ಯವಿಲ್ಲ. ಬೆಲೆಯಲ್ಲಂತೂ ಹೋಲಿಸುವುದೇ ಬೇಡ.

ನಾಲ್ಕು ಹೋಳು ಮಾಡಿ ಉಪ್ಪು ನೀರಿನಲ್ಲಿ 10 ನಿಮಿಷ ಇಟ್ಟು ತೆಗೆಯಿರಿ, ಎಲೆಯ ಸಂದಿಯ ಹುಳ ಹೊರಬೀಳುತ್ತವೆ. ಹೆಚ್ಚಿದ ಚೂರನ್ನು ತಣ್ಣೀರಿನಲ್ಲಿ ಮತ್ತೆ 10 ನಿಮಿಷ ಇಟ್ಟರೆ ಹಸಿ ಕ್ಯಾಬೇಜಿನ ವಾಸನೆ ಇಳಿಯುತ್ತದೆ. ಆಮೇಲೆ ದೋತರದ ಕೆಲಸ ಇಲ್ಲಿಯೂ ತಪ್ಪದು. ಉಪ್ಪು ಹಚ್ಚಿ ಹಿಂಡುವ ದಾರಿಯನ್ನೂ ನೋಡಿದ್ದಾಯಿತು: 250 ಗ್ರಾಂ ಕ್ಯಾಬೇಜಿಗೆ ಅರ್ಧ ಟೀ ಚಮಚ ಉಪ್ಪು, 15 ನಿಮಿಷ, ಆಮೇಲೆ ಹಿಂಡಿದ್ದು. ಮೆತ್ತಗಾಯಿತು, ರುಚಿಯೂ ಇತ್ತು, ಆದರೆ ಬಾಯಿಗೆ ಸಲಾಡ್ ಅನ್ನಿಸದೆ ಉಪ್ಪಿನಕಾಯಿಗೆ ಹತ್ತಿರವಾಯಿತು. ಈ ಕೆಲಸಕ್ಕೆ ಹಿಂಡಬೇಡಿ.

ಮೂರನೆಯದು: ಮೆಂತ್ಯ, ಹಕ್ಕರಿಕಿ, ಶೇಂಗಾ ಪುಡಿ

ಹುಬ್ಬಳ್ಳಿ-ಧಾರವಾಡದ ಖಾನಾವಳಿಯಲ್ಲಿ ರೊಟ್ಟಿಯ ತಾಟಿಗೆ ಬರುವ ಹಸಿ ತಪ್ಪಲು, ಪಚಡಿ ನಮ್ಮದೇ ಚಾಪ್ಡ್ ಸಲಾಡ್. ಹೊರಗಿನವರು ಈ ಊರಿಗೆ ಸಲಾಡ್ ಕಲಿಸಬೇಕಾಗಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬುತ್ತಿ ಬಿಚ್ಚಿದಾಗ ಸಜ್ಜಿ ರೊಟ್ಟಿಯ ಪಕ್ಕದಲ್ಲಿ ಹಸಿ ಗಜ್ಜರಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು ಇಲ್ಲದ ಊಟ ಊಟವೇ ಅಲ್ಲ.

ಎಳೆಯ ಮೆಂತ್ಯ ಬೇಕು. ಬೆರಳಿನಷ್ಟು ಉದ್ದದ, ದಂಟು ಚಿಟಕ್ಕನೆ ಮುರಿಯುವ ಕಟ್ಟು. ಬಲಿತದ್ದಾದರೆ ಕಹಿ ಬಾಯಿ ತುಂಬುತ್ತದೆ. ಮೆಂತ್ಯವನ್ನು ಕಾಳಿನಳತೆಗೂ ಹೆಚ್ಚಬೇಡಿ, ಎಲೆಗಳನ್ನು ಇಡಿಯಾಗಿ ಬಿಡಿಸಿ, ದೊಡ್ಡವನ್ನು ಎರಡು ಹೋಳು ಮಾಡಿದರೆ ಸಾಕು. ಸಣ್ಣಗೆ ಕೊಚ್ಚಿದರೆ ಕಹಿ ಬಟ್ಟಲಿಡೀ ಹರಡುತ್ತದೆ. ಚಳಿಗಾಲದಲ್ಲಿ ಸಿಗುವ, ಹಸಿಯಾಗಿಯೇ ತಿನ್ನುವ ಹಕ್ಕರಿಕಿ ಸೊಪ್ಪನ್ನು ಮಾತ್ರ ಬೇರಿನ ತುದಿ ತೆಗೆದು, ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು, ಬೆರಳಗಲ ಕತ್ತರಿಸಿ.

ಇಲ್ಲಿ ನೀರನ್ನು ಹಿಡಿಯುವುದು ಶೇಂಗಾ ಪುಡಿ. 250 ಗ್ರಾಂ ತರಕಾರಿಗೆ 2 ಊಟದ ಚಮಚ ದಪ್ಪ ಪುಡಿ ಹಾಕಿದರೆ ತರಕಾರಿ ಬಿಟ್ಟ ರಸವನ್ನು ಅದು ಹೀರಿ ಮಸಾಲೆಯಂತೆ ಮೈಗೆ ಅಂಟುತ್ತದೆ. ಎಣ್ಣೆ-ವಿನೆಗರಿನ ಸಾರು ಮಾಡಲಾರದ ಕೆಲಸ ಇದು. ಗುರೆಳ್ಳು ಪುಡಿಯೂ ರುಚಿಯೇ, ಆದರೆ 1 ಚಮಚ ಮೀರಿದರೆ ಬಟ್ಟಲೆಲ್ಲ ಕಪ್ಪು. ಅಗಸಿ ಪುಡಿ ನೀರು ತಾಗಿದರೆ ಲೋಳೆಯಾಗುತ್ತದೆ, ಅದನ್ನು ರೊಟ್ಟಿಗೇ ಬಿಡಿ. ಈ ಬಟ್ಟಲಿನ ಮಿತಿಯೆಂದರೆ ರೊಟ್ಟಿ ಇಲ್ಲದೆ ಬರೀ ಇದನ್ನೇ ದೊಡ್ಡ ಬಟ್ಟಲು ತಿನ್ನಲಾಗುವುದಿಲ್ಲ. ನಾಲ್ಕನೆಯ ಚಮಚಕ್ಕೆ ಕಹಿ, ಖಾರ ಮೇಲಾಗುತ್ತವೆ.

ಟೊಮೇಟೊ ಮತ್ತು ಸವತಿ, ಜವಾರಿಯೋ ಹೈಬ್ರಿಡೋ

ಸಾರಿಗೆ, ಚಟ್ನಿಗೆ ಜವಾರಿ ಟೊಮೇಟೊವನ್ನೇ ಆರಿಸುವವರೂ ಇಲ್ಲಿ ಅದನ್ನು ಬಿಡಬೇಕು. ಅದರಲ್ಲಿ ರಸ ಜಾಸ್ತಿ, ಗೋಡೆ ತೆಳು. ಮೊಟ್ಟೆಯಾಕಾರದ ಗಟ್ಟಿ ಹೈಬ್ರಿಡ್ ಕಾಯಿಯನ್ನು ನಾಲ್ಕು ಸೀಳಿ, ಬೀಜದ ತಿರುಳನ್ನು ಹೆಬ್ಬೆರಳಿನಿಂದ ತೆಗೆದು, ಗೋಡೆಯನ್ನಷ್ಟೇ ಹೆಚ್ಚಿ. ಆ ತಿರುಳನ್ನು ಎಸೆಯಬೇಡಿ, ಮಧ್ಯಾಹ್ನದ ಸಾರಿಗೆ ಹೋಗಲಿ. ಸವತಿಕಾಯಿಯಲ್ಲಿ ಲೆಕ್ಕ ತಿರುಗುಮುರುಗು. ಎಳೆಯ ಜವಾರಿ ಕಾಯಿಗೆ ಕಚ್ಚುವ ಗುಣವಿದೆ, ಬೀಜವೂ ಇನ್ನೂ ಹಾಲು. ಬಲಿತದ್ದಾದರೆ ಉದ್ದಕ್ಕೆ ಸೀಳಿ ಚಮಚದಿಂದ ಬೀಜ ಕೆರೆದು ತೆಗೆಯಿರಿ. ತೊಟ್ಟಿನ ತುದಿ ಕಹಿಯಿದೆಯೇ ಎಂದು ಮೊದಲು ನೆಕ್ಕಿ ನೋಡಿ, ಒಂದು ಕಹಿ ಕಾಯಿ ಇಡೀ ಬಟ್ಟಲನ್ನು ಕೆಡಿಸುತ್ತದೆ. ಮುಂಗಾರಿನ ಹೊಸ ಉಳ್ಳಾಗಡ್ಡಿಯಲ್ಲಿ ನೀರಿನಂಶ ಹೆಚ್ಚು. ಅದನ್ನು ಹೆಚ್ಚಿ ತಣ್ಣೀರಿನಲ್ಲಿ 10 ನಿಮಿಷ ಇಟ್ಟು, ಬಟ್ಟೆಯಲ್ಲಿ ಒತ್ತಿ, ಕೊನೆಗೆ ಸೇರಿಸಿ.

ಹುಳಿ ಯಾವುದು, ಎಣ್ಣೆ ಯಾವುದು

ಕಿರಾಣಿ ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರ್ ಹುಳಿಯ ಜೊತೆ ಮೂಗಿಗೆ ಹೊಡೆಯುತ್ತದೆ. ಹೋಟೆಲಿನವರು ಬಳಸುವುದು ದ್ರಾಕ್ಷಾರಸದ ವಿನೆಗರ್, ಅದರ ರುಚಿ ಬೇರೆ. ಅದಿಲ್ಲವಾದರೆ ಲಿಂಬಿಹಣ್ಣೇ ಮೇಲು. ಮಧ್ಯಮ ಗಾತ್ರದ ಒಂದು ಹಣ್ಣಿಗೆ ಸುಮಾರು 1 ಊಟದ ಚಮಚ ರಸ. ಮೊಸರು ಕ್ಯಾಬೇಜಿಗೆ ಒಗ್ಗುತ್ತದೆ, ಲೆಟ್ಯೂಸಿಗೆ ಒಗ್ಗುವುದಿಲ್ಲ. ಹಾಕುವುದಾದರೆ ಬಟ್ಟೆಯಲ್ಲಿ ಕಟ್ಟಿ 2 ಗಂಟೆ ತೂಗಿಹಾಕಿ ನೀರಿಳಿಸಿದ ಮೊಸರೇ ಆಗಬೇಕು, ಇಲ್ಲದಿದ್ದರೆ ಒಣಗಿಸಿದ್ದೆಲ್ಲ ವ್ಯರ್ಥ. ಎಣ್ಣೆಗಳಲ್ಲಿ ಗಾಣದ ಶೇಂಗಾ ಎಣ್ಣೆ ಘಮದಿಂದಲೇ ಗೆದ್ದಿತು. ಕುಸುಬಿ ಎಣ್ಣೆ ಹಗುರ, ಶೇಂಗಾ ಪುಡಿ ಹಾಕುವ ಬಟ್ಟಲಿಗೆ ಅದು ಸಾಕು. ಆಲಿವ್ ಎಣ್ಣೆ ಇದ್ದರೆ ಲೆಟ್ಯೂಸಿಗೆ ಹಾಕಿ, ಮೆಂತ್ಯದ ಮೇಲೆ ಹಾಕಿದರೆ ಕಹಿಯ ಮೇಲೆ ಕಹಿ.

ಎಣ್ಣೆ ಮತ್ತು ರಸವನ್ನು ಕೂಡಿಸಿ ಹಿಡಿಯುವುದು ಸಾಸಿವೆ. ಒಂದು ಕ್ರಮ ತಪ್ಪಿದರೆ ಅದು ಕೆಲಸಕ್ಕೆ ಬಾರದು: ಸಾಸಿವೆ ಪುಡಿಗೆ ಮೊದಲು ತಣ್ಣೀರು ಕಲೆಸಿ 10 ನಿಮಿಷ ಬಿಡಬೇಕು, ಆಮೇಲೆ ಲಿಂಬಿ ರಸ. ಹುಳಿ ಮೊದಲೇ ಬಿದ್ದರೆ ಸಾಸಿವೆಯ ಖಾರ ಏಳುವುದಿಲ್ಲ, ಬರೀ ಕಹಿ ಉಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಹಾಕುವವರು ಅದನ್ನು ರಸಕ್ಕೆ ಹಾಕದೆ ಎಣ್ಣೆಗೆ ಹಾಕಿ. ಅದರ ಕೆಂಪು ಬಣ್ಣ ಕರಗುವುದು ಎಣ್ಣೆಯಲ್ಲಿ.

ಮನೆಗೆ ಸರಿಹೋದ ಕೂಡಿಕೆ

ಹೋಟೆಲಿನ ರುಚಿಗೆ ಹತ್ತಿರ, ಅರ್ಧ ಗಂಟೆ ತಡೆದುಕೊಳ್ಳುವ, ನಮ್ಮ ಸಂತೆಯಲ್ಲೇ ಸಿಗುವ ಬಟ್ಟಲು ಬೇಕಾದವರಿಗೆ ಎರಡನೆಯದು ಮತ್ತು ಮೂರನೆಯದು ಸೇರಿಸಿದ ಕೂಡಿಕೆಯೇ ನಮ್ಮ ಆಯ್ಕೆ. ನಾಲ್ಕು ಮಂದಿಗೆ ಕ್ಯಾಬೇಜ್ 250 ಗ್ರಾಂ, ಬಿಡಿಸಿದ ಎಳೆ ಮೆಂತ್ಯ ಎರಡು ಹಿಡಿ, ಬೀಜ ತೆಗೆದ ಸವತಿಕಾಯಿ 150 ಗ್ರಾಂ, ಟೊಮೇಟೊ ಗೋಡೆ 100 ಗ್ರಾಂ, ಗಜ್ಜರಿ 1, ಉಳ್ಳಾಗಡ್ಡಿ ಅರ್ಧ, ಪನೀರ್ 100 ಗ್ರಾಂ. ಇದರ ಜೊತೆಗೆ ಹಿಂದಿನ ರಾತ್ರಿ ನೆನೆಸಿ, ಉಪ್ಪು ಹಾಕಿ ಬೇಯಿಸಿದ ಕಾಬೂಲಿ ಕಡಲೆ ಒಂದು ಬಟ್ಟಲು. ಕಡಲೆ ಇಡಿಯಾಗಿರಬೇಕು, ಹಿಚುಕಿದರೆ ಮಾತ್ರ ಮಣಿಯಬೇಕು. ಮಡಕಿ ಕಾಳಿನ ಮೊಳಕೆ ಹಾಕುವುದಾದರೆ ಹಸಿಯಾಗಿ ಹಾಕಬೇಡಿ, ಬೆಚ್ಚಗಿನ ತೇವದಲ್ಲಿ ಮೊಳಕೆಯ ಜೊತೆ ರೋಗಾಣುಗಳೂ ಬೆಳೆಯುತ್ತವೆ. 5 ನಿಮಿಷ ಹಬೆಯಲ್ಲಿ ಬೇಯಿಸಿ, ಆರಿಸಿ ಹಾಕಿ.

ಡ್ರೆಸಿಂಗಿಗೆ ಶೇಂಗಾ ಎಣ್ಣೆ 3 ಊಟದ ಚಮಚ, ಲಿಂಬಿ ರಸ ಒಂದೂವರೆ, ನೆನೆಸಿದ ಸಾಸಿವೆ ಪುಡಿ ಅರ್ಧ ಟೀ ಚಮಚ, ಬೆಲ್ಲ ಚಿಟಿಕೆ, ಉಪ್ಪು ಮುಕ್ಕಾಲು ಟೀ ಚಮಚ, ಕುಟ್ಟಿದ ಕಾಳುಮೆಣಸು. ಮುಚ್ಚಳದ ಬಾಟಲಿಯಲ್ಲಿ ಹಾಕಿ ಅರ್ಧ ನಿಮಿಷ ಕುಲುಕಿ. ಇದರಲ್ಲಿ ಮೂರನೆಯ ಒಂದು ಪಾಲನ್ನು ಕಡಲೆ ಇನ್ನೂ ಬೆಚ್ಚಗಿರುವಾಗಲೇ ಅದಕ್ಕೆ ಸುರಿಯಿರಿ. ಬೆಚ್ಚಗಿನ ಕಾಳು ಹುಳಿಯುಪ್ಪು ಒಳಗೆಳೆದುಕೊಳ್ಳುತ್ತದೆ, ಆರಿದ ಕಾಳು ಮೇಲೆ ಹಚ್ಚಿಕೊಳ್ಳುತ್ತದೆ ಅಷ್ಟೇ. ಸಪ್ಪೆ ಪನೀರಿನ ಚೂರುಗಳನ್ನು ಉಪ್ಪು ಹಾಕಿದ ಬಿಸಿ ನೀರಿನಲ್ಲಿ 10 ನಿಮಿಷ ಇಟ್ಟು ಬಸಿದರೆ ಅವಕ್ಕೂ ಉಪ್ಪು ಹತ್ತುತ್ತದೆ.

ಕಲೆಸುವಾಗ ಗಟ್ಟಿಯವು ಮೊದಲು: ಕಡಲೆ, ಕ್ಯಾಬೇಜ್, ಗಜ್ಜರಿಗೆ ಉಳಿದ ಡ್ರೆಸಿಂಗ್ ಹಾಕಿ ಕೈಯಿಂದ ಚೆನ್ನಾಗಿ ಕಲೆಸಿ. ಸವತಿ, ಉಳ್ಳಾಗಡ್ಡಿ, ಪನೀರ್ ಆಮೇಲೆ. ಟೊಮೇಟೊ ಮತ್ತು ಮೆಂತ್ಯ ಬಡಿಸುವ ಹೊತ್ತಿಗೆ. ಎಲ್ಲಕ್ಕಿಂತ ಕೊನೆಗೆ 1 ಊಟದ ಚಮಚ ಶೇಂಗಾ ಪುಡಿ ಉದುರಿಸಿ ಒಂದೇ ಸಲ ಮಗುಚಿ. ಪುಡಿಯನ್ನು ಮೊದಲೇ ಹಾಕಿದರೆ ಎಣ್ಣೆಯನ್ನೆಲ್ಲ ಅದೇ ಕುಡಿದು ಮುದ್ದೆಯಾಗುತ್ತದೆ.

ಬಡಿಸುವ ಬಟ್ಟಲನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟಿರಿ, ಧಾರವಾಡದ ಏಪ್ರಿಲ್ ಮಧ್ಯಾಹ್ನಕ್ಕೆ ಇದು ಬೇಕೇಬೇಕು. ಉಳಿದ ಲೆಟ್ಯೂಸ್ ಬಟ್ಟಲಿಗೆ ಮರುದಿನ ದಾರಿಯಿಲ್ಲ. ಕ್ಯಾಬೇಜ್-ಮೆಂತ್ಯದ ಕೂಡಿಕೆ ಉಳಿದರೆ ಫ್ರಿಜ್ಜಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಅದನ್ನು ಒಂದು ಸಲ ಕೊಚ್ಚಿ, ಜೋಳದ ಹಿಟ್ಟು ಎರಡು ಪಾಲು, ಕಡಲೆ ಹಿಟ್ಟು ಅರ್ಧ ಪಾಲು ಹಾಕಿ, ಅದರ ರಸದಲ್ಲೇ ಕಲೆಸಿ ತಾಲಿಪಟ್ಟು ತಟ್ಟಿ. ಉಪ್ಪು ಮತ್ತೆ ಹಾಕುವ ಮುಂಚೆ ಹಿಟ್ಟು ರುಚಿ ನೋಡಿ, ಸಲಾಡಿನದೇ ಸಾಕಾಗಿರುತ್ತದೆ.